ನಾಲ್ಕು ಸೆಕೆಂಡು ಮೊದಲೇ ಬಿದ್ದ ಜಾಗಟೆ

ಕಳೆದ ತಿಂಗಳು ನಾದಿನಿಯ ಮಗಳ ಬ್ಯಾಡ್ಮಿಂಟನ್ ಪಂದ್ಯ ನೋಡಲೆಂದು ಮುಂಬಯಿ ಹತ್ತಿರದ ವಾಶಿಗೆ ಹೋಗಿದ್ದೆ. ಒಳಾಂಗಣ ಕ್ರೀಡಾಂಗಣದ ಗಾಜಿನ ಬಾಗಿಲು ತಳ್ಳಿದ್ದೇ ತಡ, ಒದ್ದೆ ರಬ್ಬರು, ಮರದ ನೆಲಕ್ಕೆ ಬಳಿದ ವಾರ್ನಿಶು, ಮಳೆಯಲ್ಲಿ ನೆನೆದು ಬಂದವರ ಬಟ್ಟೆ, ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಹೊಡೆಯಿತು. ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದಿನವರು "ಚಲಾ ನಾ ಮ್ಯಾಡಮ್, ಪುಢೇ ಚಲಾ" ಎಂದು ಮರಾಠಿಯಲ್ಲಿ ಮುಂದೆ ನಡೆಯಲು ಗೊಣಗಿದರು. ಎಷ್ಟು ವರ್ಷವಾಗಿತ್ತೋ ಅಲ್ಲಿಗೆ ಕಾಲಿಡದೆ! ಬೇಕೆಂದೇ ಇಟ್ಟಿರಲಿಲ್ಲ, ಸುಳ್ಳೇಕೆ ಹೇಳಲಿ. ಎರಡು ಸಾವಿರದ ಹತ್ತರ ನಂತರದ ಒಂದು ಮಳೆಗಾಲ ಆ ಅಂಗಣದಲ್ಲಿ ನನ್ನನ್ನು ಕಾಯುತ್ತಿರುತ್ತದೆ ಎಂದು ಗೊತ್ತಿತ್ತು.

ನಾನು ಡೊಂಬಿವಲಿಯ ಶಾಲೆಯೊಂದರ ಪಿ.ಟಿ. ಟೀಚರು, ಸುಜಾತಾ. ಹುಟ್ಟಿದ್ದು ಉಡುಪಿ ಕಡೆ, ಮದುವೆಯಾಗಿ ಬಂದ ಮೇಲೆ ಇದೇ ಊರು. ಗಂಡನಿಗೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಆಫೀಸು ಕೆಲಸ. ಬೆಳಗಾದರೆ ಅವರೊಂದು ದಿಕ್ಕು, ನಾನೊಂದು ದಿಕ್ಕು. ನನ್ನ ಬಾಯಿ ಜೋರು ಎಂದು ಅತ್ತೆಯ ದೂರು. ಅಂಗಳದ ಆ ತುದಿಯಲ್ಲಿ ಕುಣಿಯುವ ಅರವತ್ತು ಮಕ್ಕಳಿಗೆ ಕೇಳಿಸಬೇಕಾದರೆ ಮೆಲ್ಲಗೆ ಮಾತಾಡಿದರಾಗುತ್ತದೆಯೇ?

ಮೈದಾನ ಎನ್ನಲಿಲ್ಲ ನೋಡಿ, ಅಂಗಳ ಎಂದೆ. ನಮ್ಮ ಶಾಲೆಗೆ ಇರುವುದೇ ಮೂರು ಕಟ್ಟಡಗಳ ನಡುವಿನ ಸಿಮೆಂಟಿನ ಜಾಗ. ಅದರಲ್ಲಿ ಹನ್ನೊಂದು ಜನರ ಫುಟ್‌ಬಾಲ್ ಎಲ್ಲಿಂದ ಆಡಿಸುವುದು? ಐದೈದು ಜನರ ಫುಟ್ಸಾಲ್ ನಮಗೆ ಹೇಳಿ ಮಾಡಿಸಿದ ಹಾಗಿತ್ತು. ಚಿಕ್ಕ ಅಂಗಣ, ಹೆಚ್ಚು ಪುಟಿಯದ ಚೆಂಡು, ರೆಪ್ಪೆ ಮಿಟುಕಿಸುವುದರೊಳಗೆ ಗೋಲು. ಆ ಆಟದ ಇನ್ನೊಂದು ವಿಶೇಷ ಅದರ ಗಡಿಯಾರ. ಚೆಂಡು ಗೆರೆ ದಾಟಿದರೆ ಗಡಿಯಾರ ನಿಲ್ಲಬೇಕು, ಆಟ ಶುರುವಾದ ಕ್ಷಣ ಮತ್ತೆ ಓಡಬೇಕು. ಅದನ್ನು ನಿಲ್ಲಿಸಿ ಓಡಿಸುವುದು ಅಂಗಣದ ಪಕ್ಕ ಮೇಜು ಹಾಕಿಕೊಂಡು ಕೂರುವ ಟೈಮ್‌ಕೀಪರ್ ಕೆಲಸ. ನಾನು ರೆಫರಿ ಪರೀಕ್ಷೆ ಪಾಸು ಮಾಡಿ, ಠಾಣೆಯಿಂದ ಕಲ್ಯಾಣದವರೆಗೆ ಭಾನುವಾರಗಳನ್ನೆಲ್ಲ ಸೀಟಿ ಊದಿಯೇ ಕಳೆದು, ಕೊನೆಗೆ ಮಂಡಿನೋವಿಗೆ ಸೋತು ಆ ಮೇಜಿಗೆ ಬಂದವಳು. ಬಂದ ಮೇಲೆ ಅದೇ ಇಷ್ಟವಾಯಿತು. ಡೊಂಬಿವಲಿಯ ಹೆಂಗಸಿಗೆ ಸೆಕೆಂಡಿನ ಬೆಲೆ ಯಾರಾದರೂ ಹೇಳಿಕೊಡಬೇಕೇ? ಬೆಳಗಿನ ಫಾಸ್ಟ್ ಲೋಕಲ್ ರೈಲಿಗೆ ನಾವು ಹತ್ತುವುದೇ ಅದು ಹೊರಟ ಮೇಲೆ.

ಆ ಮಳೆಗಾಲ ಏಷ್ಯಾದ ಬೇರೆ ಬೇರೆ ದೇಶಗಳ ಕ್ಲಬ್ಬುಗಳ ಫುಟ್ಸಾಲ್ ಪಂದ್ಯಾವಳಿ ವಾಶಿಗೆ ಬಂತು. ಮೇಜಿನ ಕೆಲಸಕ್ಕೆ ಸ್ಥಳೀಯರು ಬೇಕಿತ್ತು. ನನ್ನ ಹೆಸರು ಬಂದಾಗ ಸ್ಟಾಫ್ ರೂಮಿನಲ್ಲೇ ಕುಣಿದಿದ್ದೆ. ಬರೀ ಕೂತು ಬರುವ ಮಾತಲ್ಲ ಅದು. ಚೆನ್ನಾಗಿ ಕೆಲಸ ಮಾಡಿದ ಒಬ್ಬರ ಹೆಸರನ್ನು ಅಂತಾರಾಷ್ಟ್ರೀಯ ಪಟ್ಟಿಗೆ ಕಳಿಸುತ್ತಾರೆ, ಆಮೇಲೆ ಹೊರದೇಶದ ಪಂದ್ಯಗಳಿಗೂ ಕರೆ ಬರುತ್ತದೆ ಎಂದಿದ್ದರು. ವಯಸ್ಸಿನ ಮಿತಿ ಇತ್ತು. ನನಗೆ ಅದೇ ಕೊನೆಯ ಸಲ. ಮಲೇಷ್ಯಾದಿಂದ ಬಂದಿದ್ದ ಪರೀಕ್ಷಕರೊಬ್ಬರು, ಸಣಕಲು ಮೈಯ ಮೌನಿ, ದಿನವೂ ನಮ್ಮ ಬೆನ್ನ ಹಿಂದೆ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಪೆನ್ನಿನ ಸದ್ದು ಕೇಳಿದಾಗೆಲ್ಲ ನನ್ನ ಬೆನ್ನು ನೆಟ್ಟಗಾಗುತ್ತಿತ್ತು.

ಆತಿಥೇಯರಾಗಿ ಆಡುತ್ತಿದ್ದ ನಮ್ಮ ಠಾಣೆ ಕಡೆಯ ಕ್ಲಬ್ಬಿನ ಗೋಲ್‌ಕೀಪರ್ ನಿಖಿಲ್. ಕಲ್ಯಾಣದ ಹುಡುಗ, ಅಪ್ಪ ಅಮ್ಮ ಕಾರ್ಕಳದವರು. ಐದನೆಯ ತರಗತಿಯಿಂದ ನನ್ನ ಅಂಗಳದಲ್ಲೇ ಬಿದ್ದು ಎದ್ದು ಬೆಳೆದವನು. ನಾನು ಕನ್ನಡದಲ್ಲಿ ಬೈದರೆ ಅವನು ಹಿಂದಿಯಲ್ಲಿ ಕ್ಷಮೆ ಕೇಳುತ್ತಿದ್ದ. ಒಂದೇ ದೋಷ ಅವನದು: ನೆಲಮಟ್ಟದ ಚೆಂಡಿಗೆ ಬೇಗ ಕೂರುತ್ತಿರಲಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ನಾನು ಬಲಗೈ ಎತ್ತಿ ಇಳಿಸಿದರೆ ಅವನು ಮಂಡಿ ಊರಬೇಕು. ಶಾಲೆ ಮುಗಿದ ಮೇಲೂ ಬಿಡದೆ, ಹತ್ತು ವರ್ಷ, ದಿನಕ್ಕೆ ನೂರು ಸಲ. ಪಂದ್ಯಾವಳಿಯ ಫಾರ್ಮಿನಲ್ಲಿ "ಆಟಗಾರರಲ್ಲಿ ನಿಮ್ಮ ಸಂಬಂಧಿಕರಿದ್ದಾರೆಯೇ" ಎಂಬ ಪ್ರಶ್ನೆ ಇತ್ತು. ಇಲ್ಲ ಎಂದು ಬರೆದೆ. ಶಿಷ್ಯ ಹೇಗೆ ಸಂಬಂಧಿಕನಾಗುತ್ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ದಿನಗಳ ಓಡಾಟ ನೆನೆದರೆ ಈಗಲೂ ಕಾಲು ನೋಯುತ್ತದೆ. ಬೆಳಗಿನ ಶಾಲೆ ಮುಗಿಸಿ ಬಸ್ಸು ಹಿಡಿದರೆ ಶೀಳ್ ಫಾಟಾದಲ್ಲಿ ಟ್ರಾಫಿಕ್ಕು, ಮಹಾಪೆಯಲ್ಲಿ ಮೊಣಕಾಲುದ್ದ ನೀರು. ಕಿಟಕಿಯ ರಬ್ಬರು ಕಿತ್ತುಹೋದ ಬಸ್ಸಿನೊಳಗೆ ಕೊಡೆ ಬಿಡಿಸಿ ಕೂತದ್ದೂ ಉಂಟು. ಒದ್ದೆ ಕಾಲಲ್ಲಿ ಅಂಗಣ ಸೇರಿದರೆ ಅಲ್ಲಿ ಬೇರೆಯೇ ಪ್ರಪಂಚ. ಇರಾನಿನವರು, ಜಪಾನಿನವರು, ತಜಿಕಿಸ್ತಾನದವರು. ಯಾರ ಮಾತು ಯಾರಿಗೂ ತಿಳಿಯದು, ನೆಲಕ್ಕೆ ಬೂಟು ಉಜ್ಜುವ ಕೀಚು ಸದ್ದು ಮಾತ್ರ ಎಲ್ಲರದೂ ಒಂದೇ. ಊಟಕ್ಕೆ ನಮ್ಮ ಉಡುಪಿ ಕಡೆಯವರದೇ ಹೋಟೆಲಿನಿಂದ ಅನ್ನ, ಸಾರು, ಪಲ್ಯ ಬರುತ್ತಿತ್ತು. ಜಪಾನಿನ ಒಬ್ಬ ಹುಡುಗ ಸಾರನ್ನು ಗ್ಲಾಸಿಗೆ ಹುಯ್ಯಿಸಿಕೊಂಡು ಕುಡಿದು, ಇನ್ನೊಂದು ಗ್ಲಾಸು ಕೇಳಿದ್ದ. ಬಡಿಸುವವರಿಗೆ ಅದೇ ವಾರವಿಡೀ ಮಾತು.

ಶನಿವಾರ ಗುಂಪಿನ ಕೊನೆಯ ಪಂದ್ಯ. ನಮ್ಮ ಕ್ಲಬ್ಬು ತಜಿಕಿಸ್ತಾನದ ಕ್ಲಬ್ಬಿನ ಎದುರು ಗೆದ್ದರೆ ಸೆಮಿಫೈನಲ್, ಸಮವಾದರೂ ಮನೆ. ಅದೇ ದಿನ ಮಧ್ಯಾಹ್ನ ಹಾಳು ಸಿಡಿಲೊಂದು ಎಲ್ಲಿಗೋ ಬಿದ್ದು, ಕರೆಂಟು ಹೋಗಿ ಬಂತು. ದೀಪ ಹತ್ತಿದವು, ಸ್ಕೋರ್‌ಬೋರ್ಡು ಹತ್ತಲಿಲ್ಲ. ಅದರ ಜೊತೆಗೇ ಸಮಯ ಮುಗಿದಾಗ ಬಾರಿಸುವ ಬಜರ್ ಕೂಡ ಸತ್ತಿತ್ತು. ಕೈಯಲ್ಲಿ ಹಿಡಿಯುವ ಸ್ಟಾಪ್‌ವಾಚ್ ಇತ್ತು, ಅದರಲ್ಲಿ ನಡೆಸಬಹುದು. ಆದರೆ ಮೇಜಿನಿಂದ ರೆಫರಿಯ ಸೀಟಿಯಲ್ಲದ ಬೇರೊಂದು ಸದ್ದು ಬರಲೇಬೇಕೆಂಬ ನಿಯಮ. ಒಬ್ಬ ಬೈಸಿಕಲ್ ಹಾರ್ನ್ ತಂದ, ಅದು ಮುಂದಿನ ಸಾಲಿಗೂ ಕೇಳಿಸಲಿಲ್ಲ. ಸಂಘಟಕರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನನಗೆ ಹೊಳೆಯಿತು. ಶನಿವಾರ! ನಮ್ಮ ಭಜನಾ ಮಂಡಳಿಯ ಭಜನೆ ಇರುವ ದಿನ. ತಕ್ಷಣ ಶೀನಣ್ಣನಿಗೆ ಫೋನು ಹಚ್ಚಿದೆ.

ಶೀನಣ್ಣ ಠಾಣೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತು, ಈಗ ಕೋಪರ್‌ಖೈರಣೆಯಲ್ಲಿ ಮಗನ ಮನೆಯಲ್ಲಿದ್ದವರು. ಮಂಡಳಿಯ ಜಾಗಟೆ ಅವರ ವಶ. ಅರ್ಧ ಗಂಟೆಯಲ್ಲಿ ರಿಕ್ಷಾದಲ್ಲಿ ಬಂದಿಳಿದರು. ಬಿಳಿ ಪಂಚೆ, ಹಣೆಗೆ ಗಂಧ, ಕೆಂಪು ಬಟ್ಟೆಯಲ್ಲಿ ಸುತ್ತಿದ ಜಾಗಟೆ ಮಗುವಿನ ಹಾಗೆ ಎದೆಗೆ.

"ಕೊಡಿ ಶೀನಣ್ಣ, ನಮ್ಮ ಹುಡುಗರು ಯಾರಾದ್ರೂ ಹೊಡೀತಾರೆ" ಎಂದೆ.

"ಎಂತ ಮಾತಾಡ್ತಿ ಮಾರಾಯ್ತಿ! ಮಿಂದು ಮಡಿಯಲ್ಲಿ ಮುಟ್ಟುವ ವಸ್ತು ಇದು. ಕಂಡಕಂಡವರ ಕೈಗೆ ಕೊಡ್ಲಿಕ್ಕುಂಟಾ? ನಾನೇ ಹೊಡಿಯುದು. ಎಲ್ಲಿ ಕೂತ್ಕೊಳ್ಳುದು ಹೇಳು."

ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಸಂಘಟಕರು ಅವರ ಕೊರಳಿಗೊಂದು ಸ್ವಯಂಸೇವಕರ ಕಾರ್ಡು ಹಾಕಿದರು. ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿ, ಒಂದು ಪೆಟ್ಟು ಹೊಡೆಸಿ ಕೇಳಿ, ಆಗಲಿ ಎಂದು ತಲೆ ಆಡಿಸಿದರು. ಸಂಜ್ಞೆ ಏನೆಂದು ಶೀನಣ್ಣನೇ ತೀರ್ಮಾನಿಸಿದರು. "ಭಜನೆಯಲ್ಲಿ ಹಿರಿಯರು ಕೈ ಎತ್ತಿದ್ರೆ ತಯಾರಿ, ಇಳಿಸಿದ್ರೆ ಹೊಡಿಯುದು. ಇಲ್ಲಿಯೂ ಹಾಗೇ ಮಾಡು. ನಾನು ಆಟ ನೋಡುದಿಲ್ಲ, ನಿನ್ನ ಕೈಯನ್ನೇ ನೋಡ್ತೇನೆ." ಎಡಗೈಯಲ್ಲಿ ಸ್ಟಾಪ್‌ವಾಚ್, ಬಲಗೈಯಲ್ಲಿ ಸಂಜ್ಞೆ ಎಂದು ನಾನೂ ಒಪ್ಪಿದೆ.

ಮೊದಲರ್ಧ ಮುಗಿದಾಗ ಕೈ ಇಳಿಸಿದೆ. ಢಣ್! ಅಬ್ಬಾ, ಏನು ಸದ್ದು ಅದು! ಬಾಗಿಲ ಬಳಿ ನಿಂತಿದ್ದ ನಮ್ಮ ಊಟ ಬಡಿಸುವವರೆಲ್ಲ ತಟ್ಟನೆ ಕೆನ್ನೆ ಕೆನ್ನೆ ಬಡಿದುಕೊಂಡರು. ಗ್ಯಾಲರಿಯಲ್ಲಿ ಒಬ್ಬ ಅಜ್ಜಿ ಎದ್ದು ನಿಂತು ಕೈಮುಗಿದಳು. ತಜಿಕ್ ಕೋಚು ಎದೆಯ ಮೇಲೆ ಕೈಯಿಟ್ಟು ಶೀನಣ್ಣನಿಗೆ ಬಾಗಿದರು, ಶೀನಣ್ಣನೂ ಗಂಭೀರವಾಗಿ ಬಾಗಿದರು. ನನಗೆ ನಗು ತಡೆಯಲಾರದೆ ಮೇಜಿನ ಕೆಳಗೆ ಪೆನ್ನು ಹುಡುಕುವ ನಾಟಕ ಮಾಡಬೇಕಾಯಿತು.

ಎರಡನೆಯ ಅರ್ಧದ ಕೊನೆಗೆ ನಾವು ಮೂರು, ಅವರು ಎರಡು. ಗ್ಯಾಲರಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಹತ್ತು ಸೆಕೆಂಡು ಉಳಿದಾಗ ಬಲಗೈ ಎತ್ತಿದೆ. ಅವರ ಒಂಬತ್ತನೆಯ ನಂಬರಿನ ಆಟಗಾರ ನಮ್ಮವರಿಬ್ಬರನ್ನು ದಾಟಿ ಗೋಲಿನ ಎದುರು ಬಂದ. ಕಾಲು ಹಿಂದಕ್ಕೆ ಎಳೆದ. ಚೆಂಡು ನೆಲಮಟ್ಟ ಬರುತ್ತದೆಂದು ನನಗೆ ತಿಳಿಯಿತು. ನಿಖಿಲ್ ನೆಟ್ಟಗೆ ನಿಂತಿದ್ದ. "ಕೂತ್ಕೋ!" ಎಂದು ಗಂಟಲವರೆಗೆ ಬಂದ ಕೂಗನ್ನು ಕಚ್ಚಿ ಹಿಡಿದೆ. ಕೈಯನ್ನು ಹಿಡಿಯಲಾಗಲಿಲ್ಲ. ಅದು ಇಳಿದುಬಿಟ್ಟಿತು.

ಢಣ್!

ನಿಖಿಲ್ ಮಂಡಿ ಊರಿದ್ದ. ಆದರೆ ಚೆಂಡು ಬರಲೇ ಇಲ್ಲ. ಜಾಗಟೆ ಕೇಳಿದ ಆ ಒಂಬತ್ತನೆಯವನು ಎತ್ತಿದ ಕಾಲನ್ನು ಹಾಗೆಯೇ ಕೆಳಗಿಟ್ಟು ನಿಂತುಬಿಟ್ಟ. ಜನ ಅಂಗಣದೊಳಕ್ಕೆ ನುಗ್ಗಿದರು, ನಮ್ಮ ಹುಡುಗರನ್ನು ಹೆಗಲ ಮೇಲೆ ಎತ್ತಿದರು. ನಾನು ಎಡಗೈ ನೋಡಿಕೊಂಡೆ. ಅಭ್ಯಾಸಬಲದಿಂದ ಹೆಬ್ಬೆರಳು ಸದ್ದಿಗೇ ಗಡಿಯಾರ ನಿಲ್ಲಿಸಿತ್ತು. ಇನ್ನೂ ನಾಲ್ಕು ಸೆಕೆಂಡು.

ಬೋರ್ಡು ಸತ್ತಿದ್ದರಿಂದ ಆ ನಾಲ್ಕು ಸೆಕೆಂಡು ಆ ಇಡೀ ಅಂಗಣದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಒಂದು ಗುಂಡಿ ಒತ್ತಿದರೆ ಅದೂ ಇರುತ್ತಿರಲಿಲ್ಲ. ಒತ್ತಬೇಕೆಂದು ಅನ್ನಿಸಲಿಲ್ಲವೇ ಎಂದು ಕೇಳಿದರೆ, ಅನ್ನಿಸಿತು. ಆದರೆ ಅಲ್ಲಿ ಆ ಪರದೇಶದ ಹುಡುಗ ಜಾಗಟೆಗೆ ಮರ್ಯಾದೆ ಕೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ನಾನು ಎದ್ದೆ. ನನ್ನ ಜೋರು ಬಾಯಿ ಆ ದಿನ ಕೆಲಸಕ್ಕೆ ಬಂತು. "ರೆಫರಿ! ಜಾಗಟೆ ತಪ್ಪಿ ಬಿದ್ದದ್ದು! ಇನ್ನೂ ನಾಲ್ಕು ಸೆಕೆಂಡು ಉಂಟು!"

ಜನರನ್ನು ಹೊರಗಟ್ಟಲು ಹತ್ತು ನಿಮಿಷ ಹಿಡಿಯಿತು. ಬೈಗುಳ ಎಲ್ಲ ಭಾಷೆಯಲ್ಲೂ ಬಂದವು, ಅಚ್ಚ ತುಳುವಿನಲ್ಲೂ. "ಬಾಯಲ್ಲಿ ಹೇಳ್ತೇನೆ, ಆಗ ಹೊಡೀರಿ" ಎಂದು ಶೀನಣ್ಣನಿಗೆ ಹೇಳಿ, ಬಲಗೈಯನ್ನು ತೊಡೆಯ ಅಡಿಗೆ ಹಾಕಿ ಅದರ ಮೇಲೆ ಕೂತೆ. ಚೆಂಡು ಎಲ್ಲಿತ್ತೋ ಅಲ್ಲೇ ರೆಫರಿ ಅದನ್ನು ನೆಲಕ್ಕೆ ಬಿಟ್ಟರು. ಒಂಬತ್ತನೆಯವನ ಕಾಲಿಗೇ ಸಿಕ್ಕಿತು. ಆ ಕ್ಷಣದಲ್ಲಿ ನಿಖಿಲ್ ಕಣ್ಣಂಚಿನಿಂದ ಮೇಜಿನ ಕಡೆ ನೋಡಿದ್ದನ್ನು ನಾನು ಕಂಡೆ. ಚೆಂಡು ಅವನ ಕಾಲುಗಳ ನಡುವಿನಿಂದ ಒಳಗೆ ಹೋಯಿತು. ಆಮೇಲೆ ಜಾಗಟೆ ಬಿತ್ತು. ಮೂರು ಮೂರು. ನಮ್ಮವರು ಮನೆಗೆ.

ವಾಪಸ್ಸು ಹೋಗುವಾಗ ಠಾಣೆಯ ಲೋಕಲಿನಲ್ಲಿ ನಿಖಿಲ್ ಬಂದು ನನ್ನ ಪಕ್ಕ ನಿಂತ. ಕಣ್ಣು ಕೆಂಪಗಿತ್ತು.

"ಟೀಚರ್, ಪೆಹಲೇ ವಾಲೇ ಮೇ ಆಪ್‌ಕಾ ಹಾಥ್ ದಿಖಾ ಥಾ" ಎಂದ. ಮೊದಲ ಸಲ ನಿಮ್ಮ ಕೈ ಕಂಡಿತ್ತು ಎಂದು. "ದೂಸರೀ ಬಾರ್ ಮೈ ಢೂಂಢ್‌ತಾ ರಹ ಗಯಾ."

ಎರಡನೆಯ ಸಲ ಹುಡುಕುತ್ತಲೇ ಉಳಿದೆ ಎಂದು. ಅವನ ಬ್ಯಾಗನ್ನು ಇಸಕೊಂಡು ನನ್ನ ತೊಡೆಯ ಮೇಲಿಟ್ಟುಕೊಂಡೆ. ಡೊಂಬಿವಲಿಯವರೆಗೂ ಅದನ್ನು ಹಿಡಿದುಕೊಂಡೇ ಇದ್ದೆ.

ಪರೀಕ್ಷಕರು ಮರುದಿನ ಬೆಳಿಗ್ಗೆಯೊಳಗೆ ಬರಹದಲ್ಲಿ ವಿವರಣೆ ಕೊಡಬೇಕೆಂದು ಕೇಳಿದ್ದರು: ತಪ್ಪು ಸಂಜ್ಞೆ ಯಾರಿಂದಾಯಿತು? ಜಾಗಟೆ ಹೊಡೆದವರಿಂದ ಎಂದಾದರೆ ನನ್ನ ಹೆಸರು ಚೊಕ್ಕ. ಎದ್ದು ನಿಂತು ಸತ್ಯ ಹೇಳಿದ ಹೆಗ್ಗಳಿಕೆ ಬೇರೆ. ನನ್ನ ಕೈಯಿಂದ ಎಂದಾದರೆ ಪಟ್ಟಿಯ ಕತೆ ಅಲ್ಲಿಗೆ ಮುಗಿಯಿತು. ಆ ರಾತ್ರಿ ಗಂಡ ತಟ್ಟೆ ಮುಂದೆ ಕೂತು, "ಶೀನಣ್ಣನ ಹೆಸರು ಬರೆದ್ರೆ ಅವರಿಗೆ ಹೋಗುವುದೇನುಂಟು? ಅವರೇನು ನಾಳೆ ಮಲೇಷ್ಯಾಕ್ಕೆ ಹೋಗ್ಬೇಕಾ?" ಎಂದರು. ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಸಿಟ್ಟು ಬಂತು. "ಸುಮ್ಮನೆ ಉಣ್ಣಿ" ಎಂದೆ. ಕೊನೆಗೆ "ಗದ್ದಲದಲ್ಲಿ ಸಂಜ್ಞೆ ತಪ್ಪಿತು" ಎಂದಷ್ಟೇ ಬರೆದೆ. ಯಾರದು ಎಂದು ಬರೆಯಲಿಲ್ಲ. ನಾಚಿಕೆಯಾಗುತ್ತದೆ ಹೇಳಲು, ಆದರೆ ಬರೆದದ್ದು ಅಷ್ಟೇ.

ಬೆಳಿಗ್ಗೆ ಅಂಗಣಕ್ಕೆ ಹೋದರೆ ಪರೀಕ್ಷಕರ ಕೋಣೆಯ ಹೊರಗೆ ಶೀನಣ್ಣ! ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಜಾಗಟೆ ಇಲ್ಲ.

"ನೀವೆಂತ ಇಲ್ಲಿ?"

"ನಿನ್ನ ಕೈ ಬಿದ್ದದ್ದು ನೋಡಿದವ ನಾನೊಬ್ಬನೇ. ನಾನು ನೋಡ್ಲಿಲ್ಲ ಅಂದ್ರೆ ಯಾರೂ ನೋಡ್ಲಿಲ್ಲ ಅಂತ ಲೆಕ್ಕ. ನೀನು ಬಾಯಿ ಮುಚ್ಚಿ ಬಾ."

ನಾನು ತಡೆಯುವುದರೊಳಗೆ ಒಳಗೆ ನಡೆದರು. ಪರೀಕ್ಷಕರ ಎದುರು ಕೈಕಟ್ಟಿ ನಿಂತು, ಮುಂಬಯಿ ಹೋಟೆಲಿನ ಹಿಂದಿಯನ್ನೂ ಬಿಟ್ಟು, ಊರಿನ ಕನ್ನಡದಲ್ಲೇ ಶುರು ಮಾಡಿದರು. "ಸಾಯ್ಬರೇ, ಈ ಟೀಚರು ಕೈ ಇಳಿಸ್ಲೇ ಇಲ್ಲ. ದೇವರಾಣೆ ಇಳಿಸ್ಲಿಲ್ಲ. ನನಗೆ ಎರಡು ಕಣ್ಣೂ ಮಂಜು. ಜನ ಬೊಬ್ಬೆ ಹೊಡೆದದ್ದು ಕೇಳಿ, ಮಂಗಳಾರತಿ ಆಯ್ತು ಅಂತ ಗ್ರಹಿಸಿ ನಾನೇ ಹೊಡೆದದ್ದು. ಇವಳದ್ದು ಒಂದು ಚೂರೂ ತಪ್ಪಿಲ್ಲ. ಇವಳ ಹೆಸರು ಕಳಿಸಿ."

ಎರಡು ಕಣ್ಣೂ ಮಂಜಂತೆ! ಹಿಟ್ಟಿನಲ್ಲಿ ಬಿದ್ದ ಕೂದಲೆಳೆಯನ್ನು ನಿಂತಲ್ಲಿಂದಲೇ ಕಂಡುಹಿಡಿಯುವ ಮನುಷ್ಯ. ಭಜನೆ ಹೇಳುವ ಬಾಯಿಗೆ ಒಂದು ಸುಳ್ಳನ್ನೂ ತಾರದವರು ದೇವರ ಆಣೆಯನ್ನೇ ಹಾಕಿಬಿಟ್ಟಿದ್ದರು.

ಪರೀಕ್ಷಕರು ನನ್ನ ಕಡೆ ತಿರುಗಿ, ಇವರು ಹೇಳುವುದನ್ನು ಇಂಗ್ಲಿಷಿನಲ್ಲಿ ಹೇಳುತ್ತೀರಾ ಎಂದು ಕೇಳಿದರು.

ಹೇಳಿದ್ದರೆ ಸಾಕಿತ್ತು. ಒಂದಕ್ಷರ ಸೇರಿಸುವುದು ಬೇಡ, ಬಿಡುವುದು ಬೇಡ. ಸುಳ್ಳು ಅವರದು, ನಾನು ಬರೀ ಬಾಯಿ. ಶೀನಣ್ಣ ಗಲ್ಲ ಎತ್ತಿ ನನಗೆ ಸನ್ನೆ ಮಾಡಿದರು, ಹೇಳು ಹೇಳು ಎಂದು. ಇಪ್ಪತ್ತು ವರ್ಷ ನಾನು ಕಾದದ್ದು ಆ ಬಾಗಿಲಿಗೆ. ಅದನ್ನು ತೆರೆದು ಹಿಡಿದುಕೊಂಡು ಆ ಮುದುಕರು ನಿಂತಿದ್ದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: "ತಪ್ಪು ತನ್ನದು ಎನ್ನುತ್ತಿದ್ದಾರೆ ಸರ್. ನನ್ನನ್ನು ಉಳಿಸಲು ಹೇಳುತ್ತಿದ್ದಾರೆ. ಇಳಿದದ್ದು ನನ್ನ ಕೈ. ಆ ಗೋಲ್‌ಕೀಪರ್ ನನ್ನ ಶಿಷ್ಯ. ಆ ಗಳಿಗೆಯಲ್ಲಿ ನಾನು ಟೈಮ್‌ಕೀಪರ್ ಆಗಿರಲಿಲ್ಲ, ಅವನ ಟೀಚರಾಗಿದ್ದೆ."

ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಶೀನಣ್ಣನನ್ನು ನೋಡಿ ನನ್ನ ಕಡೆ ತಿರುಗಿದರು. ನಿನ್ನೆ ನೀವು ಎದ್ದು ನಿಂತದ್ದನ್ನು ಬರೆದಿದ್ದೇನೆ, ಇದನ್ನೂ ಬರೆಯಬೇಕಾಗುತ್ತದೆ, ಹೆಸರು ಕಳಿಸಲಾರೆ, ಬೇಸರವಾಗುತ್ತಿದೆ ಎಂದರು. ಆಮೇಲೆ ಎದ್ದು ಬಂದು ಮೊದಲು ಶೀನಣ್ಣನ ಕೈ, ಆಮೇಲೆ ನನ್ನ ಕೈ ಕುಲುಕಿದರು.

ಹೊರಗೆ ಮಳೆ ದಬದಬ ಸುರಿಯುತ್ತಿತ್ತು. ಶೀನಣ್ಣ ಮೆಟ್ಟಿಲಿಳಿಯಲೂ ಬಿಡಲಿಲ್ಲ. "ಎಂತ ಅಂದ್ರು? ಹೇಳಿದ್ಯಾ ಸರಿಯಾಗಿ?"

"ನೀವು ಹೇಳಿದ್ದನ್ನೇ ಹೇಳಿದೆ."

"ನಂಬಿದ್ರಾ?"

"ಪೂರ್ತಿ ನಂಬಿದ್ರು ಶೀನಣ್ಣ."

"ಹಾಗಾದ್ರೆ ನಿನ್ನ ಹೆಸರು ಹೋಗ್ತದೆ."

"ಹೋಗ್ತದೆ" ಎಂದೆ. ಮುಖ ಒರೆಸಿಕೊಂಡೆ, ಮಳೆಗೆ ಒದ್ದೆಯಾಗಿದೆ ಎಂಬ ಹಾಗೆ. ಅವರು ಅಲ್ಲೇ ನಿಂತು ಮಗನಿಗೆ ಫೋನು ಮಾಡಿ, ನಮ್ಮ ಸುಜಾತ ಫಾರಿನ್ನಿಗೆ ಹೋಗ್ತಾಳೆ ಮಾರಾಯ ಎಂದು ಇಡೀ ವಾಶಿಗೆ ಕೇಳುವ ಹಾಗೆ ಹೇಳಿದರು.

ಅಂದಿನಿಂದ ಪ್ರತಿ ಮಳೆಗಾಲ ಕೇಳುತ್ತಾರೆ, "ಈ ವರ್ಷವಾದ್ರೂ ಹೊರಟ್ಯಾ?" ನಾನೂ ಪ್ರತಿ ಮಳೆಗಾಲ ಒಂದೊಂದು ನೆಪ ಹೇಳುತ್ತೇನೆ. ಕರೆ ಬಂದಿತ್ತು ಶೀನಣ್ಣ, ಶಾಲೆಯಲ್ಲಿ ರಜೆ ಸಿಗಲಿಲ್ಲ. ಕರೆ ಬಂದಿತ್ತು, ಅತ್ತೆಗೆ ಹುಷಾರಿಲ್ಲ. ಈ ಸಲವೂ, ವಾಶಿಯಿಂದ ಬರುವಾಗ ಕೋಪರ್‌ಖೈರಣೆಯಲ್ಲಿಳಿದು ಅವರನ್ನು ನೋಡಲು ಹೋದರೆ ಅದೇ ಪ್ರಶ್ನೆ. ಈಗ ಕಣ್ಣು ನಿಜವಾಗಿಯೂ ಮಂಜು, ನನ್ನನ್ನು ಗುರುತಿಸಿದ್ದು ದನಿಯಿಂದ. ಕರೆ ಬಂದಿತ್ತು, ಮಂಡಿನೋವು ಎಂದೆ. 

ಶೀನಣ್ಣ ಹಣೆ ಚಚ್ಚಿಕೊಂಡರು. "ಥೋ! ಇಡೀ ಜನ್ಮದಲ್ಲಿ ದೇವರ ಆಣೆ ಹಾಕಿ ಒಂದೇ ಒಂದು ಸುಳ್ಳು ಹೇಳಿದ್ದು ನಾನು, ಅದನ್ನೂ ದಂಡ ಮಾಡಿದ್ಯಲ್ಲ ಮಾರಾಯ್ತಿ!"